ಫ್ಯಾನ್‌ಗಳಿಗೆ ಕರೆಂಟ್ ಎಲ್ಲಿಂದ?

ಭಾನುವಾರ, 17 ನವೆಂಬರ್ 2024

ಕಂಪ್ಯೂಟರ್ ಕ್ಯಾಬಿನೆಟ್‌ಗೆ ಐದು ಫ್ಯಾನ್ ಕೂರಿಸಿದ್ದಾಯ್ತು. ಮುಂದೆ ಮೂರು, ಮೇಲೊಂದು, ಹಿಂದೊಂದು. ಇವಕ್ಕೆ ಕರೆಂಟ್ ಎಲ್ಲಿಂದ ಕೊಡುವುದು ಅನ್ನೋದು ಇವತ್ತು ಇತ್ಯರ್ಥವಾಯಿತು.

ಮದರ್‌ಬೋರ್ಡ್ ಚಿಕ್ಕದು. ಸಿಪಿಯು ಫ್ಯಾನ್‌ನ ಹೆಡರ್ (ಫ್ಯಾನ್ ವೈರ್ ಸಿಕ್ಕಿಸುವ ಪಿನ್ನುಗಳು) ಬಿಟ್ಟರೆ ಉಳಿಯುವುದು ಇನ್ನೊಂದೇ. ಅದಕ್ಕೇ ಕವಲು ಕೇಬಲ್ ಹಾಕಿ ಐದನ್ನೂ ಸಿಕ್ಕಿಸಿದರೆ ಮುಗೀತು ಅನ್ನಿಸುತ್ತದೆ, ಅಲ್ವಾ? ಫ್ಯಾನ್ ನಡುವಿನ ಸ್ಟಿಕ್ಕರ್ ನೋಡಿದೆ: 12 ವೋಲ್ಟ್, 0.25 ಆಂಪ್. ಐದಕ್ಕೆ 1.25 ಆಂಪ್. ಸಾಮಾನ್ಯವಾಗಿ ಒಂದು ಹೆಡರ್ ತಡೆಯುವುದು 1 ಆಂಪ್, ಅಂದರೆ 12 ವ್ಯಾಟ್. ಮೂರು ಫ್ಯಾನ್ ಆಗಿದ್ದರೆ ಯೋಚನೆಯೇ ಬೇಕಿರಲಿಲ್ಲ. ಐದು ಬೇಡ. ಹೆಚ್ಚುಕಮ್ಮಿಯಾದರೆ ಪೆಟ್ಟು ಬೀಳುವುದು ಬೋರ್ಡಿಗೆ.

ಎರಡನೇ ದಾರಿ, ನೇರ ಪವರ್ ಸಪ್ಲೈಯಿಂದ ಮೋಲೆಕ್ಸ್ ಅನ್ನೋ ನಾಲ್ಕು ತಂತಿಯ ಕೇಬಲ್. ಹಳದಿ ತಂತಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್. ಕರೆಂಟ್‌ಗೆ ಬರವಿಲ್ಲ, ಆದರೆ ಫ್ಯಾನ್ ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ. ಸದ್ದು ತಗ್ಗಿಸಲು ಹಳದಿಗೂ ಕೆಂಪಿಗೂ ನಡುವೆ ಫ್ಯಾನ್ ಕಟ್ಟಿ 7 ವೋಲ್ಟ್ ಪಡೆಯುವ ಹಳೇ ಉಪಾಯವೊಂದಿದೆ. ನನಗದು ಸುತರಾಂ ಒಪ್ಪಿಗೆಯಿಲ್ಲ. ಫ್ಯಾನ್ ಒಳಗೆ ಶಾರ್ಟ್ ಆದರೆ 12 ವೋಲ್ಟ್ ಸೀದಾ 5 ವೋಲ್ಟ್ ಲೈನಿಗೆ ನುಗ್ಗುತ್ತದೆ. ಆ ಲೈನಿನಲ್ಲಿ ಹಾರ್ಡ್ ಡಿಸ್ಕ್‌ಗಳಿರುತ್ತವೆ!

ಕೊನೆಗೆ ಆರಿಸಿದ್ದು ಸಾಟಾ ಪವರ್‌ನಿಂದ ಓಡುವ ಹಬ್, ಅಂದರೆ ಹಾರ್ಡ್ ಡಿಸ್ಕ್‌ಗೆ ಹೋಗುವಂಥ ಪವರ್ ಪ್ಲಗ್ಗಿನಿಂದ ಕರೆಂಟ್ ತಗೊಂಡು ಹಲವು ಫ್ಯಾನ್‌ಗಳಿಗೆ ಹಂಚುವ ಪೆಟ್ಟಿಗೆ. ನಾಲ್ಕು ಪಿನ್ನಿನ ಫ್ಯಾನ್ ಕನೆಕ್ಟರ್ ಎಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದು ಅಂತ ಇಲ್ಲಿ ಗೊತ್ತಾಗುತ್ತದೆ. ಒಂದು ಗ್ರೌಂಡ್, ಒಂದು 12 ವೋಲ್ಟ್, ಒಂದು ವೇಗ ತಿಳಿಸುವ ತಂತಿ, ಒಂದು ಪಿಡಬ್ಲ್ಯುಎಂ ಸಿಗ್ನಲ್ (ಎಷ್ಟು ವೇಗವಾಗಿ ತಿರುಗಬೇಕು ಅಂತ ಫ್ಯಾನಿಗೆ ಹೇಳುವುದು). ಶಕ್ತಿಯೂ ಸಿಗ್ನಲ್ಲೂ ಬೇರೆ ಬೇರೆ ತಂತಿಯಲ್ಲಿ ಇರುವುದರಿಂದಲೇ ಶಕ್ತಿಯನ್ನು ಪವರ್ ಸಪ್ಲೈಯಿಂದ, ಸಿಗ್ನಲ್ಲನ್ನು ಮಾತ್ರ ಬೋರ್ಡಿನಿಂದ ತರಬಹುದು. ಸಾಟಾ ಪ್ಲಗ್ಗಿನ 12 ವೋಲ್ಟ್ ಪಿನ್ನುಗಳು ಒಟ್ಟು 4.5 ಆಂಪ್ ತಡೆಯುತ್ತವೆ. ಐದು ಫ್ಯಾನಿಗೆ ಧಾರಾಳ. ಸಿಗ್ನಲ್ ಸೆಕೆಂಡಿಗೆ 25,000 ಸಲ ಆನ್-ಆಫ್ ಆಗುತ್ತದೆ. ಅಷ್ಟು ಎತ್ತರದ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ.

ಮೂರು ಪಿನ್ನಿನ ಫ್ಯಾನನ್ನೂ ಇಂಥ ಹಬ್ಬಿಗೆ ಚುಚ್ಚಬಹುದು, ಆದರೆ ಸಾಮಾನ್ಯವಾಗಿ ಅದು ಪೂರ್ತಿ ವೇಗದಲ್ಲೇ ತಿರುಗುತ್ತದೆ. ಹಬ್ ತಗೊಳ್ಳುವ ಮುಂಚೆ ಫ್ಯಾನಿನ ಪಿನ್ ಎಣಿಸಿಕೊಳ್ಳಿ.

ಹಬ್ಬಿನಲ್ಲಿ ಒಂದು ಕೊರತೆ ಇದೆ. ಎಲ್ಲ ಫ್ಯಾನುಗಳ ವೇಗ ಬೋರ್ಡಿಗೆ ತಲುಪುವುದಿಲ್ಲ, ಮೊದಲ ಪೋರ್ಟಿನದು ಮಾತ್ರ. ಅಲ್ಲಿಗೆ ಮುಂದಿನ ಕೆಳಗಿನ ಫ್ಯಾನ್ ಹಾಕಿದೆ. ಅದು ಧೂಳಿನ ಜಾಲರಿಯ ಹಿಂದಿದೆ, ನಿಂತುಹೋದರೂ ಕಣ್ಣಿಗೆ ಕಾಣುವುದಿಲ್ಲ. ಸಿಪಿಯು ಫ್ಯಾನನ್ನು ಮಾತ್ರ ಹಬ್ಬಿಗೆ ಕೊಡಲಿಲ್ಲ. ಅದು ನಿಂತರೆ ಬೋರ್ಡಿಗೆ ತಕ್ಷಣ ಗೊತ್ತಾಗಲೇಬೇಕು.

ಬೋರ್ಡಿನ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಈ ಐದನ್ನೂ ಸಿಪಿಯು ಬಿಸಿಗೆ ಬದಲು ಬೋರ್ಡಿನ ಬಿಸಿಗೆ ಹೊಂದಿಸಿದೆ. ಸಿಪಿಯು ಬಿಸಿ ಬ್ರೌಸರ್ ತೆರೆದರೂ ಛಂಗನೆ ಏರುತ್ತದೆ, ಫ್ಯಾನೂ ಅದರ ಹಿಂದೆಯೇ ಕೂಗುತ್ತದೆ. ಬೋರ್ಡಿನ ಬಿಸಿ ಹಾಗಲ್ಲ, ನಿಧಾನವಾಗಿ ಏರಿಳಿಯುತ್ತದೆ. ನಾಳೆ ವಿಡಿಯೋ ರೆಂಡರ್‌ಗೆ ಹಾಕಿ, ಗ್ರಾಫಿಕ್ಸ್ ಕಾರ್ಡ್ ಕಾದಾಗಲೂ ಈ ವೇಗ ಸಾಕಾಗುತ್ತದಾ ನೋಡಬೇಕು.