ಒಂದೇ ಮಳೆಗೆ ಎರಡು ಲೆಕ್ಕದ ಪುಸ್ತಕ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಡೈರಿಗೆ ಬರೆಯುತ್ತಾರೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಯಾವ ದಿನ ಎಷ್ಟು ಬಂತೆಂದು ಕೇಳಿದರೆ ಹತ್ತು ವರ್ಷದ ಹಿಂದಿನದನ್ನೂ ತೆಗೆದು ತೋರಿಸುತ್ತಾರೆ. ನಮ್ಮ ಕುಟುಂಬದ ನಾಲ್ಕು ತೋಟಗಳ ಡೈರಿಗಳನ್ನು ಒಂದೆಡೆ ತರಲು ನಾನೊಂದು ವೆಬ್ ಆ್ಯಪ್ ಮಾಡಿದೆ. ಅದರಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಗ್ರಾಫ್ ಅಲ್ಲ, ಡೇಟಾಬೇಸ್ ಅಲ್ಲ, ಬ್ರೌಸರಿನಲ್ಲಿ ಪುಟದ ವಿಳಾಸ (URL) ಕಾಣುವ ಪಟ್ಟಿ.

ಮೊದಲ ದೂರು ದೊಡ್ಡಪ್ಪನವರದು. ನಾಪೋಕ್ಲು ತೋಟದ 2018ರ ಏಪ್ರಿಲ್ ಪುಟವನ್ನು ತೆರೆದು, ಅದರ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ. "ನೀನು ಕಳಿಸಿದ್ದನ್ನು ಒತ್ತಿದರೆ ಮಡಿಕೇರಿ ತೋಟದ ಈ ತಿಂಗಳ ಮಳೆ ಬರುತ್ತದಲ್ಲ" ಎಂದರು. ತೋಟ, ವರ್ಷ, ತಿಂಗಳು ಮೂರೂ ನನ್ನ ಫೋನಿನಲ್ಲಿ ಆ್ಯಪ್‌ನ ಸ್ಟೋರ್‌ನೊಳಗೆ (ಆ್ಯಪ್ ತನ್ನ ಈಗಿನ ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಜಾಗ) ಇದ್ದವು, ವಿಳಾಸದಲ್ಲಿ ಇರಲಿಲ್ಲ. ಅವರ ಫೋನಿಗೆ ತಲುಪಿದ್ದು ಬರೀ ಬಾಗಿಲಿನ ಗುರುತು.

ಸರಿ, ಸ್ಟೋರ್, ವಿಳಾಸ ಎರಡನ್ನೂ ಜೋಡಿಸೋಣವೆಂದು ಹೊರಟೆ. ಸ್ಟೋರ್ ಬದಲಾದಾಗಲೆಲ್ಲ ಪುಶ್‌ಸ್ಟೇಟ್ (ಬ್ರೌಸರಿನ ಇತಿಹಾಸಕ್ಕೆ ಹೊಸ ವಿಳಾಸ ಸೇರಿಸುವ ಆಜ್ಞೆ) ಕರೆದು ವಿಳಾಸವನ್ನು ಬದಲಿಸುವ ಒಂದು ಕೇಳುಗ, ಅಂದರೆ ಬದಲಾವಣೆಗೆ ಕಿವಿಗೊಟ್ಟು ಕೂತ ಕೋಡ್; ಬ್ಯಾಕ್ ಒತ್ತಿದಾಗ ಬರುವ ಪಾಪ್‌ಸ್ಟೇಟ್ ಘಟನೆಯನ್ನು ಹಿಡಿದು ಸ್ಟೋರ್ ಬದಲಿಸುವ ಇನ್ನೊಂದು ಕೇಳುಗ. ಪುಶ್‌ಸ್ಟೇಟ್ ಕರೆದರೆ ಪಾಪ್‌ಸ್ಟೇಟ್ ಏಳುವುದಿಲ್ಲವಾದ್ದರಿಂದ ಎರಡೂ ಬೇಕೆಂದೇ ನಂಬಿದ್ದೆ. ಆದರೆ ಮೇ ತಿಂಗಳಿನಿಂದ ಬ್ಯಾಕ್ ಒತ್ತಿ ಏಪ್ರಿಲ್‌ಗೆ ಬಂದಾಗ ಏನಾಗುತ್ತಿತ್ತೆಂದರೆ, ಬ್ರೌಸರ್ ಏಪ್ರಿಲ್‌ಗೆ ಹೋಗುತ್ತಿತ್ತು, ಎರಡನೆಯ ಕೇಳುಗ ಸ್ಟೋರ್‌ನಲ್ಲಿ ಏಪ್ರಿಲ್ ಎಂದು ಬರೆಯುತ್ತಿತ್ತು, ಸ್ಟೋರ್ ಬದಲಾಯಿತೆಂದು ಮೊದಲ ಕೇಳುಗ ಅದೇ ಏಪ್ರಿಲನ್ನು ಇತಿಹಾಸದ ಮೇಲೆ ಮತ್ತೊಮ್ಮೆ ಪೇರಿಸುತ್ತಿತ್ತು. ಮುಂದಿದ್ದ ಮೇ ಅಳಿಸಿಹೋಯಿತು. ಇನ್ನೊಮ್ಮೆ ಬ್ಯಾಕ್ ಒತ್ತಿದರೆ ಮತ್ತೆ ಏಪ್ರಿಲ್, ಮಗದೊಮ್ಮೆ ಒತ್ತಿದರೂ ಏಪ್ರಿಲ್. ದೊಡ್ಡಪ್ಪ ಆ್ಯಪನ್ನೇ ಮುಚ್ಚಿ ಡೈರಿ ತೆರೆದರು.

ಇದಕ್ಕೆ ನಾನು ಹಚ್ಚಿದ ತೇಪೆ, ಅನೇಕರು ಹಚ್ಚುವಂಥದ್ದೇ: "ಈಗ ಬ್ಯಾಕ್ ನಡೆಯುತ್ತಿದೆ" ಎಂದು ಕೋಡಿಗೆ ನೆನಪಿಸುವ ಒಂದು ಫ್ಲ್ಯಾಗ್, ಅಂದರೆ ಹೌದು-ಇಲ್ಲ ಗುರುತು. ಅದು ಎದ್ದಿರುವಾಗ ಪುಶ್ ಮಾಡಬಾರದು. ಮಡಿಕೇರಿಯ ಮನೆಯ ವೈಫೈನಲ್ಲಿ ಇದು ಚೆನ್ನಾಗಿಯೇ ನಡೆಯಿತು. ತೋಟದಲ್ಲಿ, ಅದೂ ಜುಲೈ ಮಳೆಯಲ್ಲಿ, ಸರ್ವರಿನ ಉತ್ತರ ಬರಲು ಕೆಲವು ಸೆಕೆಂಡ್ ಬೇಕು. ಉತ್ತರ ಬಂದು ಸ್ಟೋರ್ ಬದಲಾಗುವ ಹೊತ್ತಿಗೆ ಫ್ಲ್ಯಾಗ್ ಇಳಿದಿರುತ್ತಿತ್ತು. ಹಳೆಯ ರೋಗವೇ ಮರಳಿತು, ಈ ಸಲ ಕಂಡೂ ಕಾಣದಂತೆ.

ಕೊನೆಗೆ ಅರ್ಥವಾದದ್ದು ಇಷ್ಟು: ಸ್ಟೋರ್, ವಿಳಾಸ ಎಂಬ ಎರಡು ಪುಸ್ತಕಗಳನ್ನು ತಾಳೆ ನೋಡುತ್ತಾ ಕೂರುವ ಬದಲು ಒಂದನ್ನು ತೆಗೆದುಹಾಕಬೇಕು. ಈಗ ತೋಟ, ವರ್ಷ, ತಿಂಗಳು ಸ್ಟೋರ್‌ನಲ್ಲಿ ಇಲ್ಲವೇ ಇಲ್ಲ. ತಿಂಗಳ ಬಟನ್ ಒತ್ತಿದರೆ ಅದು ವಿಳಾಸವನ್ನಷ್ಟೇ ಬದಲಿಸುತ್ತದೆ; ಪುಟವು ವಿಳಾಸವನ್ನು ಓದಿ ತನ್ನನ್ನು ತಾನು ತೆರೆಯ ಮೇಲೆ ಚಿತ್ರಿಸಿಕೊಳ್ಳುತ್ತದೆ. ಬ್ಯಾಕ್, ಲಿಂಕ್, ರಿಫ್ರೆಶ್ ಮೂರೂ ಒಂದೇ ದಾರಿಯಲ್ಲಿ ಬರುತ್ತವೆ. ಮಳೆಯ ಅಂಕಿಗಳು ಮಾತ್ರ ಸ್ಟೋರ್‌ನಲ್ಲಿ ಉಳಿದಿವೆ, ಮತ್ತು ತಡವಾಗಿ ಬಂದ ಉತ್ತರವು ಈಗಿನ ವಿಳಾಸಕ್ಕೆ ಸೇರಿದ್ದಲ್ಲದಿದ್ದರೆ ಅದನ್ನು ತೆರೆಯ ಮೇಲೆ ತರುವುದಿಲ್ಲ. (ರಿಫ್ರೆಶ್ ಮಾಡಿದರೆ 404, ಅಂದರೆ "ಪುಟ ಸಿಗಲಿಲ್ಲ" ಎಂಬ ಉತ್ತರ, ಬರುತ್ತಿದ್ದುದು ಬೇರೆಯೇ ಕಥೆ: ಒಳಪುಟಗಳ ವಿಳಾಸಕ್ಕೂ ಆ್ಯಪ್‌ನ ಮೊದಲ ಪುಟದ ಅದೇ ಇಂಡೆಕ್ಸ್ ಫೈಲನ್ನು ಕೊಡುವಂತೆ ಸರ್ವರಿಗೆ ಹೇಳಬೇಕು, ಅಷ್ಟೆ.)

ವಿಳಾಸವನ್ನು ನಂಬಿದ ಮೇಲೆ ಅದನ್ನು ಅನುಮಾನಿಸುವುದನ್ನೂ ಕಲಿಯಬೇಕಾಯಿತು. ಅಲ್ಲಿರುವುದೆಲ್ಲ ಪಠ್ಯ; ವಿಳಾಸದ "4" ಮತ್ತು ಕೋಡಿನ 4 ಕಟ್ಟುನಿಟ್ಟಾದ ಹೋಲಿಕೆಯಲ್ಲಿ ಬೇರೆ ಬೇರೆ. ಯಾರಾದರೂ ತಿಂಗಳು 13 ಎಂದು ಬರೆದರೆ ರಿಪ್ಲೇಸ್‌ಸ್ಟೇಟ್ (ಹೊಸದನ್ನು ಸೇರಿಸದೆ ಈಗಿನ ವಿಳಾಸವನ್ನೇ ಬದಲಿಸುವ ಆಜ್ಞೆ) ಬಳಸಿ ಸರಿಪಡಿಸುತ್ತೇನೆ, ಪುಶ್ ಮಾಡಿದರೆ ಬ್ಯಾಕ್ ಒತ್ತಿದವರು ಮತ್ತೆ ಆ ತಪ್ಪು ವಿಳಾಸಕ್ಕೇ ಬೀಳುತ್ತಾರೆ.

ತೋಟದ ಹೆಸರನ್ನು ಕನ್ನಡದಲ್ಲೇ ಇಡುವ ಆಸೆ ನನಗಿತ್ತು. "ನಾಪೋಕ್ಲು" ಎಂಬುದರಲ್ಲಿ ಅಕ್ಷರಕ್ಕೂ ಕಾಗುಣಿತ ಚಿಹ್ನೆಗೂ ಒಂದೊಂದರಂತೆ ಎಂಟು ಯುನಿಕೋಡ್ ಸಂಕೇತಗಳಿವೆ. ಒಂದೊಂದಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರ, ಹೀಗೆ ವಾಟ್ಸ್‌ಆ್ಯಪ್‌ಗೆ ಅಂಟಿಸಿದ ಲಿಂಕಿನಲ್ಲಿ ಆ ಹೆಸರೊಂದೇ 72 ಅಕ್ಷರ ಆಗುತ್ತದೆ. ಅದನ್ನಾದರೂ ಸಹಿಸಬಹುದಿತ್ತು. ಆದರೆ "ಪೋ" ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರಾಗಿ ಒಡೆದೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕೋಡಿಗೆ ಅಲ್ಲ. ಹೋಲಿಸುವ ಮುನ್ನ ನಾರ್ಮಲೈಸ್ ಮಾಡಿದರೆ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಂದರೆ, ಸರಿಹೋಗುತ್ತದೆ, ಮಾಡಿಯೂ ನೋಡಿದೆ. ಕೊನೆಗೆ ಲಿಂಕಿನ ಉದ್ದ ನೋಡಲಾಗದೆ ತೋಟಗಳಿಗೆ ನಂಬರ್ ಕೊಟ್ಟುಬಿಟ್ಟೆ.

ಏನನ್ನು ವಿಳಾಸಕ್ಕೆ ಸೇರಿಸಬೇಕೆಂಬುದಕ್ಕೆ ನನ್ನ ಅಳತೆ ಒಂದೇ: ಲಿಂಕ್ ತೆರೆದ ಇನ್ನೊಬ್ಬರಿಗೂ ಅದು ಕಾಣಬೇಕೇ? ತಿಂಗಳು ಕಾಣಬೇಕು, ತೆರೆದ ಮೆನು ಬೇಡ. ಹುಡುಕಾಟದ ಪದ ಬೇಕು. ಆದರೆ ಬೆರಳೊತ್ತಿಗೊಂದು ಪುಶ್ ಮಾಡಬಾರದು, ಟೈಪ್ ಮಾಡುವಾಗ ರಿಪ್ಲೇಸ್ ಸಾಕು. ಅರ್ಧ ಬರೆದ ಇಂದಿನ ಮಳೆಯ ನಮೂದು ಮಾತ್ರ ವಿಳಾಸಕ್ಕೂ ಸ್ಟೋರ್‌ಗೂ ಸೇರುವುದಿಲ್ಲ. ಅದನ್ನು ಸೆಷನ್ ಸ್ಟೋರೇಜ್‌ನಲ್ಲಿ (ಆ ಟ್ಯಾಬ್ ಮುಚ್ಚುವವರೆಗೆ ಬ್ರೌಸರ್ ಉಳಿಸಿಕೊಳ್ಳುವ ಜಾಗ) ಇಟ್ಟಿದ್ದೇನೆ. ಇಂಚು ಬರೆದು ಸೆಂಟ್ ಬರೆಯುವ ಮೊದಲೇ ಬ್ಯಾಕ್ ಒತ್ತುವ ಅಭ್ಯಾಸ ದೊಡ್ಡಪ್ಪನವರಿಗೆ ಇನ್ನೂ ಇದೆ.