ಕರಾವಳಿಯ ಸೆಕೆಯಲ್ಲಿ ದೂರದ ಓಟ: ವೇಗ, ನೀರು, ಉಪ್ಪು

ಹಾಫ್ ಮ್ಯಾರಥಾನ್ ಅಥವಾ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನಿಗೆ ತಯಾರಿ ಆರಂಭಿಸುವವರಿಗೆ ಎಲ್ಲರೂ ಹೇಳುವ ಮೊದಲ ಮಾತು, ಧಾರಾಳವಾಗಿ ನೀರು ಕುಡಿಯಬೇಕು ಎಂಬುದು. ಕಾಸರಗೋಡಿನ ಹವೆಯಲ್ಲಿ ಓಡುವವರಿಗೆ ಈ ಮಾತು ಸಾಲದು. ಇದನ್ನೇ ನಂಬಿ ನಡೆದರೆ ಕೆಲವೊಮ್ಮೆ ಅಪಾಯವೂ ಇದೆ. ಇಲ್ಲಿ ಮೊದಲು ಹತೋಟಿಯಲ್ಲಿಡಬೇಕಾದದ್ದು ಓಟದ ವೇಗವನ್ನು, ಆಮೇಲೆ ನೀರಿನ ಅಳತೆಯನ್ನು.

ಇದರ ಹಿಂದಿರುವ ಲೆಕ್ಕ ಸರಳವಾಗಿದೆ. ಓಡುವಾಗ ದೇಹದ ತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 60 ಕಿಲೋ ತೂಗುವವರು ಗಂಟೆಗೆ 10 ಕಿಲೋಮೀಟರಿನಂತೆ ಓಡಿದರೆ 600 ಕಿಲೋಕ್ಯಾಲೊರಿ ಖರ್ಚಾಗಿ, ಅದರಲ್ಲಿ ಮುಕ್ಕಾಲು ಪಾಲು, ಅಂದರೆ 450ರಷ್ಟು, ಬರಿಯ ಶಾಖವಾಗಿಬಿಡುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖವನ್ನು ಒಯ್ಯಬಲ್ಲದು. ಹಾಗಾಗಿ ಒಣ ಹವೆಯಲ್ಲಿ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಬೆವರು ಆರಿದರೂ ಮೈ ತಂಪಾಗಿ ಉಳಿಯುತ್ತದೆ. ಆದರೆ ಏಪ್ರಿಲ್ ತಿಂಗಳ ನಮ್ಮೂರಿನ ಗಾಳಿಯಲ್ಲಿ ತೇವ ಎಷ್ಟು ತುಂಬಿರುತ್ತದೆ ಎಂದರೆ, ಬೆವರು ಆರುವ ಬದಲು ಹರಿದು ಬೂಟಿನೊಳಗೆ ಇಳಿಯುತ್ತದೆ. ಹಾಗೆ ತೊಟ್ಟಿಕ್ಕಿದ ಬೆವರಿನಿಂದ ನೀರೂ ಉಪ್ಪೂ ನಷ್ಟವಾಗುತ್ತವೆಯೇ ಹೊರತು ಮೈ ತಣಿಯುವುದಿಲ್ಲ. ಎಷ್ಟು ನೀರು ಕುಡಿದರೂ ಆರದ ಬೆವರು ಆರುವುದಿಲ್ಲವಾದ್ದರಿಂದ, ಶಾಖ ಹುಟ್ಟುವುದನ್ನೇ ಕಡಿಮೆ ಮಾಡುವುದು, ಎಂದರೆ ನಿಧಾನವಾಗಿ ಓಡುವುದು, ಉಳಿದಿರುವ ದಾರಿ. ಗಡಿಯಾರ ತೋರಿಸುವ ವೇಗವನ್ನು ಮರೆತು, ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ಉಸಿರು ಉಳಿಸಿಕೊಂಡು ಓಡುವುದು ಮಾರ್ಚಿನಿಂದ ಮೇ ತನಕ ನಾನು ಪಾಲಿಸುವ ಕ್ರಮ.

ನಸುಕಿನಲ್ಲಿ ಓಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಉಷ್ಣತೆ ಕಡಿಮೆ ಇರುವುದು ಆ ಹೊತ್ತಿನಲ್ಲಿ ಎಂಬುದು ನಿಜವಾದರೂ, ದಿನದಲ್ಲಿ ಸಾಪೇಕ್ಷ ಆರ್ದ್ರತೆ, ಎಂದರೆ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ತುಂಬಿರುವ ಪಾಲು, ಅತಿ ಹೆಚ್ಚಿರುವುದೂ ಆಗಲೇ. ಉಷ್ಣತೆ ಕಡಿಮೆ, ಬಿಸಿಲಿಲ್ಲ ಎಂಬ ಕಾರಣಕ್ಕಷ್ಟೇ ಮುಂಜಾನೆ ಮೇಲು. ದಾರಿಯ ಆಯ್ಕೆಯಲ್ಲಿಯೂ ಇದೇ ಇಬ್ಬಂದಿ ಇದೆ: ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳ ನಡುವಿನ ರಸ್ತೆಗಳಲ್ಲಿ ನೆರಳು ಬೇಕಾದಷ್ಟಿದ್ದರೂ ಗಾಳಿ ಆಡುವುದಿಲ್ಲ, ಸೀತಾಂಗೋಳಿಯ ಕಡೆಯ ಮುರಕಲ್ಲಿನ ಪದವುಗಳಲ್ಲಿ (ಮರಗಳಿಲ್ಲದ ಎತ್ತರದ ಬಯಲುಗಳಲ್ಲಿ) ಗಾಳಿ ಚೆನ್ನಾಗಿ ಬೀಸುತ್ತದೆ, ಆದರೆ ಎಂಟು ಗಂಟೆ ದಾಟಿತೆಂದರೆ ಕಲ್ಲೇ ಕಾಯತೊಡಗುತ್ತದೆ. ಪದವಿನ ಭಾಗವನ್ನು ಮೊದಲು ಮುಗಿಸಿ, ಬಿಸಿಲೇರುವಾಗ ತೋಟದ ದಾರಿಗೆ ಇಳಿಯುವಂತೆ ಯೋಜಿಸುವುದು ನನಗೆ ಒಗ್ಗಿದೆ. ಸೆಕೆಗೆ ಮೈ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಗ ಬೆವರು ಬೇಗನೆ ಆರಂಭವಾಗುತ್ತದೆ, ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಗಲ್ಫಿನಲ್ಲಿ ಏಸಿ ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಓಡಿ ರಜೆಗೆ ಊರಿಗೆ ಬಂದವರು ಮರುದಿನವೇ ಅದೇ ವೇಗದಲ್ಲಿ ರಸ್ತೆಗಿಳಿಯಬಾರದು ಎನ್ನುವುದು ಇದೇ ಕಾರಣಕ್ಕೆ.

ಇನ್ನು ನೀರಿನ ಅಳತೆ. ಓಟಕ್ಕೆ ಮೊದಲು, ಮೂತ್ರ ಮಾಡಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಬೇಕು; ಓಡಿ ಬಂದು ಮೈ ಒರೆಸಿಕೊಂಡು ಮತ್ತೆ ನೋಡಬೇಕು. ಕಡಿಮೆಯಾದ ತೂಕಕ್ಕೆ ನಡುವೆ ಕುಡಿದ ನೀರನ್ನು ಕೂಡಿಸಿದರೆ ಬೆವರಿನ ಪ್ರಮಾಣ ಸಿಗುತ್ತದೆ, ಒಂದು ಕಿಲೋ ಎಂದರೆ ಒಂದು ಲೀಟರ್. ಒಂದೂವರೆ ಗಂಟೆ ಓಡಿದವರ ತೂಕ 1.2 ಕಿಲೋ ಇಳಿದಿದ್ದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಒಟ್ಟು ಬೆವರು 1.7 ಲೀಟರ್, ಗಂಟೆಗೆ 1.1 ಲೀಟರಿಗೆ ಸಮೀಪ. ನಮ್ಮಲ್ಲಿ ಹಲವರ ಮನೆಯಲ್ಲಿ ಅಡಿಕೆ ತೂಗುವ ಇಲೆಕ್ಟ್ರಾನಿಕ್ ತಕ್ಕಡಿ ಇರುವುದರಿಂದ ಬೇರೆ ಸಲಕರಣೆ ಕೊಳ್ಳಬೇಕಾದ ಅಗತ್ಯವಿಲ್ಲ. ಈ ನಷ್ಟವನ್ನೆಲ್ಲ ಓಡುತ್ತಲೇ ತುಂಬಿಸಿಕೊಳ್ಳಬೇಕಾಗಿಲ್ಲ. ದೇಹತೂಕದ ಶೇಕಡಾ ಎರಡರಷ್ಟು ಇಳಿಕೆಯೊಳಗೆ ಇದ್ದರೆ ಸಾಕು, ಉಳಿದದ್ದನ್ನು ಮನೆಗೆ ಬಂದು ಊಟದೊಂದಿಗೆ ನಿಧಾನವಾಗಿ ತುಂಬಿಕೊಳ್ಳಬಹುದು.

ಓಟ ಮುಗಿದ ಮೇಲೆ ತೂಕ ಹೆಚ್ಚಿದ್ದರೆ ಅದು ನಿಜವಾದ ಎಚ್ಚರಿಕೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13ರಷ್ಟು ಜನರಲ್ಲಿ ಸೋಡಿಯಂ (ಉಪ್ಪಿನ ಮುಖ್ಯ ಅಂಶ) ಕೆಳಮಿತಿಗಿಂತ ಕಡಿಮೆ ಇತ್ತು, ಮತ್ತು ಇದಕ್ಕೆ ಬಲವಾಗಿ ಹೊಂದಿಕೊಂಡಿದ್ದ ಅಂಶವೆಂದರೆ ಓಟದ ವೇಳೆ ತೂಕ ಏರಿದ್ದು. ಅತಿಯಾಗಿ ಕುಡಿದ ನೀರು ರಕ್ತದ ಉಪ್ಪನ್ನು ತೆಳುವಾಗಿಸಿ ಮಿದುಳಿನಲ್ಲಿ ಬಾವು ತರಬಲ್ಲದು. ಅದೇ ವರ್ಷ ಅದೇ ಓಟದಲ್ಲಿ ಒಬ್ಬ ಓಟಗಾರ್ತಿ ಹೀಗೆ ಪ್ರಾಣ ಕಳೆದುಕೊಂಡರು. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ನಿಧಾನವಾಗಿ ಓಡುತ್ತ, ದಾರಿಬದಿಯಲ್ಲಿ ನೀರು ಇಟ್ಟ ಪ್ರತಿ ಮೇಜಿನಲ್ಲೂ ನಿಂತು ಕುಡಿಯುವವರಿಗೆ ಈ ಅಪಾಯ ಹೆಚ್ಚು. ತಲೆನೋವು, ವಾಂತಿ, ಉಂಗುರ ಬಿಗಿಯಾಗುವಷ್ಟು ಬೆರಳು ಊದುವುದು, ಮಾತು ತಡವರಿಸುವುದು ಕಂಡಾಗ ಇನ್ನಷ್ಟು ನೀರು ಕುಡಿಸುವುದು ತಪ್ಪು.

ಏನು ಕುಡಿಯಬೇಕು ಎಂಬ ವಿಷಯದಲ್ಲಿ ನಮ್ಮ ಅಡುಗೆಮನೆ ಸಾಕಷ್ಟು ಅನುಕೂಲ ಮಾಡಿಕೊಟ್ಟಿದೆ. ಕುಚ್ಚಿಲಕ್ಕಿ ಗಂಜಿಯ ತೆಳಿಗೆ ಉಪ್ಪು ಹಾಕಿ ಕುಡಿಯುವುದರಲ್ಲಿ ಶಾಸ್ತ್ರವೂ ಇದೆ: ಪಿಷ್ಟ ಜೀರ್ಣವಾಗಿ ಸಿಗುವ ಗ್ಲೂಕೋಸ್ ಸಣ್ಣ ಕರುಳಿನಲ್ಲಿ ಸೋಡಿಯಂ ಜೊತೆಗೂಡಿ ಒಳಹೋಗುವಾಗ ನೀರೂ ಅದರ ಹಿಂದೆಯೇ ಹೋಗುತ್ತದೆ. ಓಆರ್‌ಎಸ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತವೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿ ಕುಡಿಯುವವರನ್ನು ಕಂಡಿದ್ದೇನೆ. ಅದು ಹೊಟ್ಟೆ ಕೆಡಿಸುತ್ತದೆ. ಸೀಯಾಳದ ಬಗ್ಗೆ ನಮಗಿರುವ ಭಕ್ತಿಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು: ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಿನಲ್ಲಿ ಹೆಚ್ಚಾಗಿ ಕಳೆದುಹೋಗುವ ಸೋಡಿಯಂ ಮಾತ್ರ ಕಡಿಮೆ. ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆಯೋ, ಗೂಡಂಗಡಿಯ ಉಪ್ಪು ಹಾಕಿದ ಲಿಂಬೆ ಸೋಡಾವೋ ಇದ್ದರೆ ಲೆಕ್ಕ ಸರಿಹೋಗುತ್ತದೆ. ಪುನರ್ಪುಳಿ ಶರಬತ್ತು ಓಟದ ನಂತರಕ್ಕೆ ಒಳ್ಳೆಯದು, ನಡುವೆ ಅದರ ಹುಳಿ ಎಲ್ಲರ ಹೊಟ್ಟೆಗೂ ಹಿಡಿಸದು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಚಾರದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಜೊತೆಗಾರರು ತೂರಾಡತೊಡಗಿದರೆ, ಅಸಂಬದ್ಧವಾಗಿ ಮಾತಾಡಿದರೆ, ಅದನ್ನು ಉಷ್ಣಾಘಾತವೆಂದೇ (ಹೀಟ್ ಸ್ಟ್ರೋಕ್) ತಿಳಿಯಬೇಕು. ಉಷ್ಣಾಘಾತವಾದವರ ಚರ್ಮ ಒಣಗಿರುತ್ತದೆ ಎಂಬ ಮಾತು ಓಟಗಾರರಿಗೆ ಅನ್ವಯಿಸುವುದಿಲ್ಲ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗಲೂ ಅವರು ಬೆವರುತ್ತಿರಬಹುದು. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವ ತನಕ ಕಾಯದೆ ತಣಿಸುವ ಕೆಲಸ ಆರಂಭಿಸಬೇಕು, ಏಕೆಂದರೆ ಮೊದಲ ಅರ್ಧ ಗಂಟೆಯೊಳಗೆ ಉಷ್ಣತೆ ಇಳಿದರೆ ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು. ಪಕ್ಕದ ತೋಟದಲ್ಲಿ ನೀರಿನ ಟಾಂಕಿ ಇದ್ದರೆ ತಲೆಯನ್ನು ಮೇಲೆ ಹಿಡಿದುಕೊಂಡು ಕುತ್ತಿಗೆಯ ತನಕ ಮುಳುಗಿಸುವುದು ಉತ್ತಮ. ಇಲ್ಲವಾದರೆ ಪಂಪಿನ ಪೈಪಿನಿಂದ ಮೈಮೇಲೆ ಎಡೆಬಿಡದೆ ನೀರು ಬಿಟ್ಟು, ಬೀಸಣಿಗೆಯಂತೆ ಏನನ್ನಾದರೂ ಹಿಡಿದು ಗಾಳಿ ಹಾಕಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಮಂಡಿನೋವಿಗೆಂದು ದೀರ್ಘ ಓಟಕ್ಕೆ ಮೊದಲು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನುಂಗುವ ಅಭ್ಯಾಸವನ್ನು ಬಿಡಬೇಕು. ನೀರು ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಇನ್ನೂ ತಗ್ಗಿಸುತ್ತವೆ. ಓಟದ ನಂತರ ಮೂತ್ರ ಕಟು ಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವ ಸಾಧ್ಯತೆ ಇರುವುದರಿಂದ, ಮನೆಮದ್ದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರವೋ ಭೇದಿಯೋ ಆಗಿ ಎದ್ದ ವಾರದಲ್ಲಿ ದೂರದ ಓಟವನ್ನು ನಾನು ಇಟ್ಟುಕೊಳ್ಳುವುದೇ ಇಲ್ಲ, ಓಟದ ವೇಳಾಪಟ್ಟಿ ಏನೇ ಹೇಳಲಿ.