'ನಾನೂ ಬರಲಾ?' ಅಂತ ಕೇಳಬೇಡ

ಎರಡನೇ ತರಗತಿಗೆ ಕಳೆಯುವ ಲೆಕ್ಕ ಕಲಿಸುವುದು ನನಗೆ ಪ್ರತಿ ವರ್ಷವೂ ಇಷ್ಟ. 42ರಲ್ಲಿ 17 ಕಳೆಯಿರಿ ಅಂತ ಬೋರ್ಡಿನ ಮೇಲೆ ಬರೆದರೆ ಅರ್ಧ ತರಗತಿ 35 ಅನ್ನುತ್ತದೆ. 4ರಲ್ಲಿ 1 ಹೋದರೆ 3, ಸರಿ. 2ರಲ್ಲಿ 7 ಹೋಗುವುದಿಲ್ಲ. ಅದಕ್ಕೆ 7ರಲ್ಲಿ 2 ಕಳೆದು 5 ಬರೆದುಬಿಡುತ್ತಾರೆ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಅನ್ನುವುದು ಅವರೇ ಮಾಡಿಕೊಂಡ ಕಾನೂನು. ಎಷ್ಟು ಸಲ ಬಾಯಲ್ಲಿ ಹೇಳಿದರೂ ಈ ಕಾನೂನು ಬದಲಾಗುವುದಿಲ್ಲ. ಕೈಗೆ ಕಡ್ಡಿ ಕೊಡಬೇಕು.

ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು, ಜೊತೆಗೆ ಒಂದಿಷ್ಟು ಬಿಡಿ ಕಡ್ಡಿ. ಇಬ್ಬರಿಗೆ ಒಂದು ಸೆಟ್. ಒಬ್ಬರು ಬಾಯಲ್ಲಿ ಹೇಳಬೇಕು, ಕಡ್ಡಿ ಮುಟ್ಟುವ ಹಾಗಿಲ್ಲ. ಇನ್ನೊಬ್ಬರು ಕೈಯಲ್ಲಿ ಮಾಡಬೇಕು, ಆದರೆ ಹೇಳಿದ್ದನ್ನು ಮಾತ್ರ. ಒಂದು ಲೆಕ್ಕ ಮುಗಿದರೆ ಪಾಳಿ ಬದಲು. ಜೋಡಿ ವಾರವಿಡೀ ಅದೇ.

ಆ ವಾರ ಕಿಟಕಿ ಪಕ್ಕದ ಬೆಂಚಿನಲ್ಲಿ ಒಂದು ಜೋಡಿ ಕೂತಿತ್ತು. ಅವಳು ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವನು ವರ್ಷದ ಮಧ್ಯೆ ಬಂದು ಸೇರಿದ ಹುಡುಗ. ಓದು ಬರಹ ಎಲ್ಲ ಸುಮಾರಾಗಿ ಬರುತ್ತಿತ್ತು. ಅವನ ಕಷ್ಟ ಬೇರೆ ಇತ್ತು.

"ಒಂದು ಕಟ್ಟು ಬಿಚ್ಚು," ಅಂದಳು ಅವಳು.

"ಯಾಕೆ?"

"ಬಿಚ್ಚಬೇಕು ಅಷ್ಟೇ."

"ಯಾಕೆ ಬಿಚ್ಚಬೇಕು ಅಂತ ಕೇಳ್ದೆ."

ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ತರಗತಿಯಲ್ಲಿ ಸುಮ್ಮನಿರುವುದಕ್ಕೂ ಅಭ್ಯಾಸ ಬೇಕು. ಪ್ರಶ್ನೆ ಕೇಳಿದ ಟೀಚರ್ ಉತ್ತರಕ್ಕೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಅಂತ ಅಮೆರಿಕದ ಮೇರಿ ಬಡ್ ರೋ ಅಳೆದು ಹೇಳಿದ್ದರು. 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಮಾತೇ ಆಡದವರೂ ಬಾಯಿ ಬಿಡುತ್ತಾರೆ ಅಂತಲೂ ಅವರು ಕಂಡುಕೊಂಡರು. ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ಮೂವತ್ತು ಮಕ್ಕಳ ಎದುರು ನಿಂತವರಿಗೇ ಗೊತ್ತು.

ಕೊನೆಗೆ ಅವಳೇ ಹೇಳಿದಳು. "ನಿನ್ನ ಹತ್ರ ಬಿಡಿ ಎರಡೇ ಇದೆ ಕಣೋ. ಏಳು ಹೆಂಗೆ ಕೊಡ್ತೀಯಾ?"

ಅವನು ಬಿಚ್ಚಿದ. ಬಿಡಿ ಹನ್ನೆರಡಾಯಿತು. ಏಳು ತೆಗೆದ, ಐದು ಉಳಿಯಿತು. ಉಳಿದ ಮೂರು ಕಟ್ಟಲ್ಲಿ ಒಂದು ತೆಗೆದ. 25. ಲೆಕ್ಕ ಬರುತ್ತಿದ್ದ ಅವಳಿಗೆ ಅದು ಯಾಕೆ ಹಾಗೆ ಅನ್ನುವುದು ಅವನು ಕೇಳಿದ ಮೇಲೆ ಗೊತ್ತಾಯಿತು. ಜೋಡಿಯಲ್ಲಿ ಕೂರಿಸಿದರೆ ಬುದ್ಧಿವಂತ ಮಕ್ಕಳ ಸಮಯ ಹಾಳು ಅಂತ ದೂರುವ ಅಪ್ಪ ಅಮ್ಮಂದಿರಿಗೆ ಇಂಥ ಐದು ನಿಮಿಷವನ್ನು ಒಮ್ಮೆ ತೋರಿಸಬೇಕು ಅನ್ನಿಸುತ್ತದೆ.

ಅವತ್ತು ಮಳೆ. ಆಟದ ಹೊತ್ತಿನಲ್ಲಿ ಯಾರೂ ಹೊರಗೆ ಹೋಗಲಿಲ್ಲ. ತರಗತಿಯ ಹಿಂದಿನ ಮೂಲೆಯಲ್ಲಿ ನಾಲ್ಕೈದು ಮಕ್ಕಳು ಮರದ ತುಂಡುಗಳಿಂದ ಏನೋ ಕಟ್ಟುತ್ತಿದ್ದರು. ಅವಳೂ ಅಲ್ಲೇ ಇದ್ದಳು. ಅವನು ಹೋಗಿ, "ನಾನೂ ಬರಲಾ?" ಅಂದ.

"ಬೇಡ. ಜಾಸ್ತಿ ಜನ ಆಗಿದ್ದಾರೆ."

ಒಂದು ನಿಮಿಷ ಬಿಟ್ಟು, "ಇದೇನು ಮಾಡ್ತಿದೀರಾ?" ಅಂದ. ಯಾರೂ ತಲೆ ಎತ್ತಲಿಲ್ಲ. "ನನ್ನ ಹತ್ರ ಇದಕ್ಕಿಂತ ದೊಡ್ಡ ಸೆಟ್ ಇದೆ," ಅಂದ. ಅದಕ್ಕೂ ಉತ್ತರ ಇಲ್ಲ. "ಅದು ಸರಿ ಇಲ್ಲ, ಬಿದ್ದೋಗುತ್ತೆ," ಅಂದ. ಆಗ ಮಾತ್ರ ಎಲ್ಲರೂ ಒಟ್ಟಿಗೆ ಹೇಳಿದರು, "ಹೋಗೋ ಆಕಡೆ!"

1981ರಲ್ಲಿ ಮಾರ್ಥಾ ಪುಟಲ್ಲಾಜ್ ಮತ್ತು ಜಾನ್ ಗಾಟ್‌ಮನ್ ಎಂಬ ಸಂಶೋಧಕರು ಇದನ್ನೇ ಅಧ್ಯಯನ ಮಾಡಿದ್ದರು. ಎರಡನೇ ಮತ್ತು ಮೂರನೇ ತರಗತಿ ಮಕ್ಕಳು ಆಗಲೇ ನಡೆಯುತ್ತಿರುವ ಆಟದೊಳಗೆ ಹೇಗೆ ಸೇರುತ್ತಾರೆ ಅಂತ ನೋಡಿದರು. ಉಳಿದ ಮಕ್ಕಳಿಗೆ ಅಷ್ಟು ಇಷ್ಟವಾಗದ ಮಕ್ಕಳು ಜಾಸ್ತಿ ಮಾಡಿದ್ದು ಏನು ಗೊತ್ತಾ? ಪ್ರಶ್ನೆ ಕೇಳಿದ್ದು, ತಮ್ಮ ಬಗ್ಗೆ ಹೇಳಿಕೊಂಡಿದ್ದು, ಒಪ್ಪದೆ ವಾದ ಮಾಡಿದ್ದು. ನಮ್ಮ ಹುಡುಗ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಿ ಮುಗಿಸಿದ್ದ.

ಇಲ್ಲಿ ದೊಡ್ಡವರ ಸಲಹೆ ಮಕ್ಕಳಿಗೆ ಕೈಕೊಡುತ್ತದೆ. 'ಹೋಗಿ ಕೇಳು, ಸೇರಿಸ್ಕೊತಾರೆ' ಅನ್ನುತ್ತೇವೆ. ಕೇಳುವುದು ಒಳ್ಳೆಯ ನಡತೆಯೇ. ಆದರೆ 'ಬರಲಾ' ಅಂತ ಕೇಳಿದ ಕೂಡಲೇ 'ಬೇಡ' ಅನ್ನುವ ಅವಕಾಶವನ್ನೂ ಕೊಟ್ಟ ಹಾಗಾಯಿತು. ಆಟದ ನಡುವೆ ಇರುವ ಏಳು ವರ್ಷದ ಮಗುವಿಗೆ 'ಬೇಡ' ಅನ್ನುವುದೇ ಸುಲಭ. ಟೀಚರ್ ನಡುವೆ ಹೋಗಿ 'ಸೇರಿಸ್ಕೊಳ್ರೋ' ಅಂದರೆ ಸೇರಿಸಿಕೊಳ್ಳುತ್ತಾರೆ, ಒಂದು ಬದಿಗೆ ನಿಲ್ಲಿಸಿ 'ನೀನು ವಾಚ್‌ಮನ್' ಅನ್ನುತ್ತಾರೆ. ಅದಕ್ಕೇ ನಾನು ಹಾಗೆ ಹೇಳಲು ಹೋಗುವುದಿಲ್ಲ. ಬಲವಂತದ 'ಸಾರಿ'ಯ ಬಗ್ಗೆಯೂ ನನ್ನದು ಇದೇ ಅಭಿಪ್ರಾಯ, ಆ ವಿಷಯ ಇನ್ನೊಂದು ದಿನಕ್ಕಿರಲಿ.

ಅವನನ್ನು ನನ್ನ ಮೇಜಿನ ಹತ್ತಿರ ಕರೆದೆ. ಅಳು ಬರುವ ಹಾಗಿತ್ತು.

"ಅವರು ಏನು ಕಟ್ತಿದ್ದಾರೆ?"

"ಗೊತ್ತಿಲ್ಲ ಮಿಸ್. ಕೇಳಿದ್ರೆ ಹೇಳ್ತಿಲ್ಲ."

"ಕೇಳಬೇಡ. ಇಲ್ಲಿಂದಲೇ ನೋಡು."

ನೋಡಿದ. ಚೆನ್ನಾಗಿಯೇ ನೋಡಿದ. ಸುಮ್ಮನೆ ನಿಂತು ನೋಡುವುದೂ ಆಟದ ಒಂದು ಬಗೆಯೇ. ಪುಟ್ಟ ಮಕ್ಕಳ ಆಟವನ್ನು ಬಗೆಬಗೆಯಾಗಿ ವಿಂಗಡಿಸಿದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಅದಕ್ಕೊಂದು ಜಾಗ ಕೊಟ್ಟಿದ್ದರು. ನಾವು ಮಾತ್ರ ಬದಿಯಲ್ಲಿ ನಿಂತ ಮಗುವನ್ನು ಕಂಡ ತಕ್ಷಣ 'ಯಾಕೋ ಒಬ್ನೇ ನಿಂತಿದೀಯಾ' ಅಂತ ಬೆನ್ನು ತಳ್ಳುತ್ತೇವೆ. ಹೇಗೆ ಒಳಗೆ ಹೋಗುವುದು ಅಂತ ಅದು ಲೆಕ್ಕ ಹಾಕುತ್ತಿರಬಹುದು, ಅಲ್ವಾ?

"ಬ್ರಿಡ್ಜ್ ಮಿಸ್. ಕಾರು ಹೋಗೋದು."

"ಬ್ರಿಡ್ಜಿಗೆ ಏನು ಕಮ್ಮಿ ಇದೆ?"

ಸ್ವಲ್ಪ ಹೊತ್ತು ಯೋಚಿಸಿದ. "ಕೆಳಗೆ ನೀರಿಲ್ಲ."

ನನಗೆ ಹೊಳೆದಿರಲಿಲ್ಲ ಅದು. ಕಂಬವೋ, ದಾರಿಯೋ ಅನ್ನುತ್ತಾನೆ ಅಂದುಕೊಂಡಿದ್ದೆ. ಕ್ರಾಫ್ಟ್ ಡಬ್ಬದಲ್ಲಿ ನೀಲಿ ಕಾಗದ ಇದೆ ಅಂತ ಮಾತ್ರ ಹೇಳಿದೆ. "ಏನೂ ಕೇಳಬೇಡ, ಅವರದ್ದು ತಪ್ಪು ಅಂತಲೂ ಹೇಳಬೇಡ. ನೀರು ಹಾಕು, ಅಲ್ಲೇ ಕೂತ್ಕೋ."

ಹೋದ. ಕಾಗದವನ್ನು ಉದ್ದಕ್ಕೆ ಹರಿದು ಸೇತುವೆಯ ಕೆಳಗೆ ಮೆಲ್ಲಗೆ ತೂರಿಸಿದ. ಒಬ್ಬ ಹುಡುಗ ಕಾರು ನಿಲ್ಲಿಸಿ ನೋಡಿದ. "ಏಯ್, ನದಿ!" ಅಂದ. "ಈಕಡೆವರೆಗೂ ಬರ್ಲಿ, ಇಲ್ಲಿ ದೋಣಿ ಬಿಡೋಣ." ಜಾಸ್ತಿ ಜನ ಆಗಿದ್ದಾರೆ ಅನ್ನುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಬೆಳಗ್ಗೆ ಜೋಡಿಯಲ್ಲಿ ಅವನಿಗೆ ಇಂಥ ಕಷ್ಟ ಇರಲಿಲ್ಲ, ಯಾಕೆಂದರೆ ಅಲ್ಲಿ ಅವನ ಕೆಲಸ ಏನು ಅಂತ ನಾನೇ ಹೇಳಿದ್ದೆ. ಆಟದಲ್ಲಿ ಆ ಕೆಲಸವನ್ನು ಅವನೇ ಹುಡುಕಿಕೊಳ್ಳಬೇಕು. ಕೆಲವು ಮಕ್ಕಳಿಗೆ ಇದು ತಾನಾಗಿಯೇ ಬರುತ್ತದೆ. ಬರದ ಮಕ್ಕಳಿಗೆ ಕಟ್ಟು ಬಿಚ್ಚುವುದನ್ನು ಕಲಿಸಿದ ಹಾಗೆಯೇ ಇದನ್ನೂ ಹಂತ ಹಂತವಾಗಿ ಕಲಿಸಬಹುದು: ಮೊದಲು ನೋಡು, ಆಟ ಏನು ಅಂತ ತಿಳಿದುಕೋ, ಅದಕ್ಕೆ ಬೇಕಾದ್ದು ಒಂದನ್ನು ಮಾಡು. ಪ್ರತಿ ಸಲ ಫಲಿಸುತ್ತದೆ ಅನ್ನಲಾರೆ. ಎಷ್ಟೋ ಸಲ ನದಿಯನ್ನೂ ಕಿತ್ತು ಬಿಸಾಕುತ್ತಾರೆ. ಆಗ ಬೇರೆ ಗುಂಪು ನೋಡಿಕೊಳ್ಳಬೇಕು, ಅದೂ ಕಲಿಯಬೇಕಾದದ್ದೇ.

ಸೇರಿಕೊಂಡ ಮೇಲೆ ಎಲ್ಲ ಸುಖವಾಗಿತ್ತು ಅಂದುಕೊಳ್ಳಬೇಡಿ. ಹತ್ತು ನಿಮಿಷದಲ್ಲಿ ಜಗಳ. ಬೆಳಗಿನ ಹುಡುಗಿ ಯಜಮಾನಿಕೆ ಶುರು ಮಾಡಿದ್ದಳು. "ನಾನು ಹೇಳ್ತೀನಿ, ನೀನು ಹಾಕು. ಅಲ್ಲಿ ಅಲ್ಲ, ಇಲ್ಲಿ." ಲೆಕ್ಕದ ಪಾಠದ ನಿಯಮವನ್ನು ತನಗೆ ಬೇಕಾದಷ್ಟೇ ಎತ್ತಿಕೊಂಡು ಬಂದಿದ್ದಳು! ಅವನು ಸ್ವಲ್ಪ ಹೊತ್ತು ಹಾಕಿದ. ಆಮೇಲೆ ಕೈಕಟ್ಟಿ ಕೂತ. "ಪಾಳಿ ಬದಲು. ಈಗ ನಾನು ಹೇಳೋದು."

"ಇದು ಲೆಕ್ಕ ಅಲ್ಲ."

"ಆದ್ರೂ ಬದಲು."

ಟೂ ಬಿಡುವ ತನಕ ಹೋಯಿತು. ಅಷ್ಟರಲ್ಲಿ ಬೆಲ್ ಆಯಿತು.

ಮಾರನೇ ದಿನ ಅವನ ಅಮ್ಮ ಗೇಟಿನ ಹತ್ತಿರ ಸಿಕ್ಕರು. "ದಿನಾ ಯಾರ ಜೊತೆ ಆಡಿದೆ ಅಂತ ಕೇಳ್ತೀನಿ ಮಿಸ್. 'ಯಾರೂ ಇಲ್ಲ' ಅಂತಾನೆ. ಚಿಂತೆ ಆಗುತ್ತೆ," ಅಂದರು. ಯಾರ ಜೊತೆ ಅಂತ ಕೇಳುವುದನ್ನು ಬಿಡಿ, ಏನು ಆಟ ಆಡಿದ್ರಿ, ಅದರಲ್ಲಿ ನಿನ್ನ ಕೆಲಸ ಏನಾಗಿತ್ತು ಅಂತ ಕೇಳಿ ನೋಡಿ ಅಂದೆ. ಮೊದಲನೆಯದಕ್ಕೆ ಮಗು ಒಂದು ಹೆಸರು ಹೇಳಲೇಬೇಕಾಗುತ್ತದೆ, ಹೆಸರಿಲ್ಲದಿದ್ದರೆ ಸೋತ ಹಾಗೆ. ಎರಡನೆಯದಕ್ಕೆ ಕಥೆ ಹೇಳುತ್ತದೆ.

ಎರಡು ದಿನ ಬಿಟ್ಟು ಅವರು ಮತ್ತೆ ಬಂದರು. ಈ ಸಲ ನಗುತ್ತಿದ್ದರು. ನದಿಯ ಕಥೆ, ದೋಣಿಯ ಕಥೆ, ಪಾಳಿಯ ಜಗಳ ಎಲ್ಲ ಬಂದಿತ್ತಂತೆ. ಜೊತೆಗೆ ಮಗನ ಅರ್ಜಿಯೂ ಒಂದಿತ್ತು. ಲೆಕ್ಕದಲ್ಲಿ ಅವಳ ಜೊತೆ ಕೂರಿಸಬಾರದಂತೆ, ಅವಳು ತುಂಬಾ ಜೋರಂತೆ.

ವಾರ ಮುಗಿಯುವವರೆಗೆ ಜೋಡಿ ಬದಲಾಗುವುದಿಲ್ಲ ಅಂದೆ.